ಲಾರಿಗೆ ಅನುಮಾನ ಬಂದ ದಿನಗಳು

ಡ್ರೈವರ್ ಇಲ್ಲದೆ ಲಾರಿ ಓಡುತ್ತದೆಯೇ ಎಂದು ಈಚೆಗೆ ಕಂಡ ಕಂಡವರೆಲ್ಲ ನನ್ನನ್ನೇ ಕೇಳುತ್ತಾರೆ. ಗುಬ್ಬಿ ಬಸ್ ಸ್ಟ್ಯಾಂಡಿನ ಟೀ ಅಂಗಡಿಯವನು ಕೇಳುತ್ತಾನೆ, ಪಂಕ್ಚರ್ ಹಾಕುವವನು ಕೇಳುತ್ತಾನೆ, ಮಸೀದಿಯಲ್ಲಿ ಪಕ್ಕ ನಿಂತವರು ನಮಾಜು ಮುಗಿಯುವುದನ್ನೇ ಕಾದಿದ್ದು ಕೇಳುತ್ತಾರೆ. ಓಡುತ್ತೆ ಬಿಡಿ, ಅನ್ನುತ್ತೇನೆ. ಅವರಿಗೆ ಈ ಉತ್ತರ ರುಚಿಸುವುದಿಲ್ಲ. ಮನುಷ್ಯ ಓಡಿಸಿದ ಹಾಗೆ ಯಂತ್ರ ಎಲ್ಲಿ ಓಡಿಸೀತು ಎಂದು ನಾನು ಮೀಸೆ ತಿರುವಬೇಕು, ಅವರು ತಲೆದೂಗಬೇಕು. ನನಗೆ ಮೀಸೆಯೇ ಇಲ್ಲ, ಇರುವುದು ಗಡ್ಡ. ಜಂಬ ಕೊಚ್ಚಿಕೊಳ್ಳುವ ವಯಸ್ಸೂ ದಾಟಿದೆ.

ಇಷ್ಟಕ್ಕೂ ಕೇಳಬೇಕಾದ ಪ್ರಶ್ನೆ ಅದಲ್ಲ. ನನ್ನ ಲಾರಿಯಲ್ಲಿ ಬಂದು ಕೂತ ಯಂತ್ರ ನನ್ನ ಸೀಟನ್ನೇನೂ ಕಿತ್ತುಕೊಳ್ಳಲಿಲ್ಲ. ಕಿತ್ತುಕೊಂಡದ್ದು ಬೇರೆ. ಅದನ್ನು ಟೀ ಅಂಗಡಿಯಲ್ಲಿ ಹೇಳಲಾಗುವುದಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ತುಮಕೂರಿನ ಒಂದು ಗೋಡೌನಿನಿಂದ ಹಿಂಡಿ, ಬೂಸಾ ಮೂಟೆಗಳನ್ನು ಅಂಗಡಿಗಳಿಗೆ ಸಾಗಿಸುವುದು ನನ್ನ ಕೆಲಸ. ಬೆಳಿಗ್ಗೆ ಲೋಡು ಮಾಡಿ ಹೊರಟು ಗುಬ್ಬಿಯಲ್ಲಿ ಅರ್ಧ ಇಳಿಸುತ್ತೇನೆ. ಅಲ್ಲಿಂದ ಒಳದಾರಿಯಲ್ಲಿ ಕುಣಿಗಲ್. ಸಂಜೆಯ ಹೊತ್ತಿಗೆ ಹೆಬ್ಬೂರಿನ ಮೇಲೆ ವಾಪಸ್ಸು. ವಾರಕ್ಕೊಮ್ಮೆ ಕುಣಿಗಲ್ ದಾಟಿ ಅಮೃತೂರಿಗೂ ಹೋಗುವುದುಂಟು. ಮೊದಲು ಜೊತೆಗೆ ಕ್ಲೀನರ್ ಇದ್ದ. ನನಗಿಂತ ಹಿರಿಯ, ಭಾರಿ ಬಾಯಿಬಡುಕ. ರಿವರ್ಸ್ ತೆಗೆಯುವಾಗ ಬಾಡಿ ತಟ್ಟುತ್ತಾ ‘ಬರ್ಲಿ, ಬರ್ಲಿ, ಬರ್ಲಿ’ ಅನ್ನುವುದು ಅವನ ಕೆಲಸ. ಉಳಿದ ಹೊತ್ತೆಲ್ಲ ಊರವರ ಸಂಸಾರಗಳ ವಿಚಾರಣೆ. ಹಿಂದುಗಡೆ ಕ್ಯಾಮೆರಾ ಹಾಕಿಸಿದ ಮೇಲೆ ಒಂದು ಲಾರಿಗೆ ಒಬ್ಬನೇ ಸಾಕು ಎಂದು ಓನರ್ ಹೇಳಿದರು. ಅವನು ಒಂದು ಕಲ್ಯಾಣ ಮಂಟಪಕ್ಕೆ ವಾಚ್‌ಮನ್ ಆಗಿ ಹೋದ. ಪಕ್ಕದ ಸೀಟಿನ ಮೇಲೆ ಹಗ್ಗ, ಟಾರ್ಪಾಲು ಬಂದು ಕೂತವು.

ಮನೆಯಲ್ಲೂ ಅಷ್ಟೇ. ಹೆಂಡತಿ ತೀರಿಕೊಂಡಳು, ಮಕ್ಕಳಿಲ್ಲ. ಮನೆಯೊಳಗೆ ನಾವಿಬ್ಬರೂ ಆಡುತ್ತಿದ್ದುದು ಉರ್ದು, ಹೊಸಿಲು ದಾಟಿದರೆ ಕನ್ನಡ. ಅವಳು ಹೋದ ಮೇಲೆ ಮನೆಯೊಳಗಿನ ಭಾಷೆಯೇ ನಿಂತುಹೋಯಿತು. ಮಸೀದಿಯಲ್ಲಿ ಸಲಾಂ ಹೇಳಿ ನಾಲ್ಕು ಮಾತಾಡಬಹುದು, ಆದರೆ ಸಾರಿಗೆ ಉಪ್ಪು ಕಡಿಮೆ ಆಗಿದೆ ಎಂದು ಅಲ್ಲಿ ಯಾರ ಹತ್ತಿರ ಹೇಳುವುದು? ಹೀಗಾಗಿ ಗುಬ್ಬಿ ದಾಟಿ ರಸ್ತೆ ಖಾಲಿಯಾದ ಕಡೆ ಅವಳೊಂದಿಗೆ ಒಂದಷ್ಟು ಮಾತಾಡುತ್ತಿದ್ದೆ. ಅವಳಿಲ್ಲ ಎಂದು ನನಗೆ ಗೊತ್ತು, ತಲೆ ಕೆಟ್ಟಿಲ್ಲ. ನಾಲಿಗೆ ಮರೆತುಹೋಗಬಾರದಲ್ಲ, ಅದಕ್ಕೆ.

ಹೀಗಿರುವಾಗ ಒಂದು ಸಂಕ್ರಾಂತಿಯ ಹಿಂದುಮುಂದು, ಓನರ್ ಒಬ್ಬ ಎಂಜಿನಿಯರನ್ನು ಕರೆತಂದು ಲಾರಿಯ ಗಾಜಿಗೆ ಒಂದು ಕಪ್ಪು ಡಬ್ಬಿ ಹಾಕಿಸಿದರು. ಅದಕ್ಕೆ ಎರಡು ಕಣ್ಣು. ಒಂದು ರಸ್ತೆ ನೋಡುವುದು, ಒಂದು ನನ್ನ ಮುಖ ನೋಡುವುದು. ಎಂಜಿನಿಯರ್ ಒಳ್ಳೆಯವನು, ಬಿಡಿಸಿ ಹೇಳಿದ. “ಅಂಕಲ್, ಇದು ಗಾಡಿ ಓಡಿಸಲ್ಲ. ನೀವು ಓಡಿಸೋದನ್ನ ನೋಡ್ತಾ ಮನಸಲ್ಲೇ ತಾನೂ ಓಡಿಸ್ತಿರುತ್ತೆ. ಅದು ಬ್ರೇಕ್ ಹಾಕ್ಬೇಕು ಅಂದ್ಕೊಂಡ ಕಡೆ ನೀವು ಹಾಕ್ಲಿಲ್ಲ ಅಂದ್ರೆ ಅದಕ್ಕೆ ಡೌಟ್ ಬರುತ್ತೆ. ಕೆಂಪು ಲೈಟ್ ಹತ್ತುತ್ತೆ.” ಆ ಅನುಮಾನದ ತುಣುಕು ಆಫೀಸಿಗೆ ಹೋಗುತ್ತದಂತೆ. ಅಲ್ಲಿ ಕೂತವರು ನೋಡಿ ಇದು ಹಸು, ಇದು ಮರದ ನೆರಳು, ಇದು ಹಳ್ಳ ಎಂದು ಹೆಸರು ಹಾಕುತ್ತಾರಂತೆ. ಅವರಿಗೂ ತಿಳಿಯದಿದ್ದರೆ ಡ್ರೈವರಿಗೆ ಫೋನು. ನಾನು ಆಗಲಿ ಎಂದೆ. ಆಗಲ್ಲ ಅನ್ನುವುದಕ್ಕೆ ಲಾರಿ ನನ್ನದಲ್ಲ.

ಗುಬ್ಬಿಯಿಂದ ಕುಣಿಗಲ್ ಕಡೆಗಿನ ಒಳದಾರಿಯಲ್ಲಿ ಆ ಕಾಲಕ್ಕೆ ರಸ್ತೆಯೇ ಕಣ. ಹುರುಳಿ ಕಿತ್ತು ಒಣಗಿಸಿ ಟಾರಿನ ಮೇಲೆ ಹರವುತ್ತಾರೆ. ಬಸ್ಸು, ಲಾರಿ, ಟ್ರ್ಯಾಕ್ಟರು ಹತ್ತಿ ಹೋದ ಹಾಗೆಲ್ಲ ಕಾಯಿ ಒಡೆದು ಕಾಳು ಉದುರುತ್ತದೆ. ಪೊಲೀಸರು ಬಂದು ಬೈದು ಹೋಗುತ್ತಾರೆ, ಅವರು ಅತ್ತ ಹೋದ ಮೇಲೆ ಇತ್ತ ಮತ್ತೆ ಹರವುತ್ತಾರೆ. ಬೈಕಿನವರು ಜಾರಿ ಬೀಳುತ್ತಾರೆ, ಕಾರಿನವರು ಶಾಪ ಹಾಕುತ್ತಾರೆ. ಸೊಪ್ಪು ಗಾಡಿಯ ತಳಕ್ಕೆ ಸಿಕ್ಕಿಕೊಂಡು ಬೆಂಕಿ ಹತ್ತಿದ್ದೂ ಇದೆ. ಸರಿ ಎಂದು ನಾನು ವಾದಿಸುವುದಿಲ್ಲ. ಆದರೆ ಅದರ ಮೇಲೆ ಹೋಗುವುದಕ್ಕೂ ಒಂದು ರೀತಿ ಇದೆ. ನಿಧಾನವಾಗಿ ಹತ್ತಬೇಕು, ಮೇಲಿರುವಾಗ ಬ್ರೇಕ್ ಒತ್ತಬಾರದು. ಮೊದಲು ಹೋದ ಗಾಡಿಯ ಜಾಡಿನಲ್ಲೇ ಹೋದರೆ ಪ್ರಯೋಜನವಿಲ್ಲ. ತುಳಿಯದೆ ಉಳಿದ ಕಡೆಗೆ ಚಕ್ರ ಕೊಡಬೇಕು. ಡಬ್ಬಿ ಹಾಕಿದ ಹೊಸತರಲ್ಲಿ ಒಂದು ದಿನ ಕವೆಗೋಲು ಹಿಡಿದು ಸೊಪ್ಪು ತಿರುವುತ್ತಿದ್ದ ಹೆಂಗಸೊಬ್ಬಳು ಕೂಗಿದಳು, “ಸಾಬ್ರೇ, ಒಸಿ ಈ ಕಡೀಕ್ ಕೊಡಿ!” ಕೊಟ್ಟೆ. ಗಾಜಿನ ಮೇಲೆ ಕೆಂಪು ದೀಪ ಮದುವೆಮನೆ ಸೀರಿಯಲ್ ಸೆಟ್ಟಿನ ಹಾಗೆ ಮಿಣುಗಿತು.

ಕುಣಿಗಲ್‌ನಲ್ಲಿ ಅಂಗಡಿಯವರು ಊಟಕ್ಕೆ ಬಾಗಿಲು ಹಾಕಿರುತ್ತಾರೆ. ನಾನು ದೊಡ್ಡ ಕೆರೆಯ ಏರಿಯ ಹತ್ತಿರ ಲಾರಿ ನಿಲ್ಲಿಸಿ, ಮೆಸ್ಸಿನಿಂದ ಕಟ್ಟಿಸಿಕೊಂಡು ತಂದ ಮುದ್ದೆ ಬಿಚ್ಚಿದ್ದೆ. ಫೋನ್ ಬಂತು.

“ಅಣ್ಣಾ, ಗಾಡಿ ನಿಂತಿದೆ ಅಂತ ತೋರಿಸ್ತಿದೆ. ಮಾತಾಡ್ಬೋದಾ?” ಹೆಣ್ಣುಮಗಳ ದನಿ. ಡಬ್ಬಿಯ ಆಫೀಸಿನವಳು ಎಂದು ಹೇಳಿದಳು. “ರೋಡಿಗಡ್ಡ ಏನೋ ಬಿದ್ದಿದೆ. ನೀವು ನಿಲ್ಸಿಲ್ಲ. ಅದೂ ಅಲ್ದೆ ಸ್ಟೇರಿಂಗ್ ತಿರುಗ್ಸಿ ಬೇಕೂಂತ್ಲೇ ಅದರ ಮೇಲೆ ಹತ್ಸಿದೀರ. ಏನಣ್ಣ ಅದು?”

“ಹುರುಳಿ ಕಣವ್ವ.”

“ಹುರುಳಿ ಯಾಕಣ್ಣ ರೋಡಲ್ಲಿರುತ್ತೆ?”

ಮಾತು ನಮ್ಮ ಕಡೆಯದೇ ಅನ್ನಿಸಿತ್ತು. ಇದು ಗೊತ್ತಿಲ್ಲವೆಂದ ಮೇಲೆ ಬೆಂಗಳೂರಿನಲ್ಲಿ ಬೆಳೆದವಳಿರಬೇಕು ಎಂದುಕೊಂಡು ಹೇಳಲು ಶುರುಮಾಡಿದೆ. ಹುರುಳಿ ಬಿತ್ತುವುದರಿಂದ ಹಿಡಿದು ಹುರುಳಿಕಟ್ಟಿನ ಸಾರಿಗೆ ಬೆಳ್ಳುಳ್ಳಿ ಎಷ್ಟು ಎಂಬಲ್ಲಿಗೆ ಬಂದಾಗ ಮುದ್ದೆ ಕಲ್ಲಾಗಿತ್ತು. ಅವಳು ನಡುವೆ ಹೂಂ, ಹೂಂ ಅನ್ನುತ್ತಲೇ ಇದ್ದಳು. ಕೊನೆಗೆ, “ಹತ್ತಿಸಬಹುದು ಅಂತ ಹಾಕ್ಲಾ ಅಣ್ಣಾ?” ಎಂದಳು.

“ಹಾಕವ್ವ. ನಿಧಾನಕ್ಕೆ ಅಂತ್ಲೂ ಹಾಕು.”

ಅಷ್ಟು ಹೊತ್ತು ಯಾರ ಜೊತೆಗೂ ನಾನು ಮಾತಾಡಿ ಎಷ್ಟು ಕಾಲವಾಗಿತ್ತೋ. ತುಮಕೂರಿನವರೆಗೂ ಗಂಟಲು ಹಗುರವಾಗಿತ್ತು.

ಆಮೇಲೆ ಫೋನು ಬರತೊಡಗಿತು. ಯಾವಾಗಲೂ ಅವಳದೇ ದನಿ. ಎಮ್ಮೆ ದಾಟಿ ಹೋದ ಮೇಲೂ ಯಾಕೆ ನಿಂತೇ ಇದ್ದಿರಿ? ಒಂದು ದಾಟಿದರೆ ಹಿಂದೆ ಇನ್ನೊಂದು ಇದ್ದೇ ಇರುತ್ತದೆ ಕಣವ್ವ. ರಸ್ತೆ ಮಧ್ಯೆ ಮಲಗಿದ ನಾಯಿಗೆ ಹಾರ್ನ್ ಮಾಡಲಿಲ್ಲವಲ್ಲ? ಮಾಡಿದರೆ ಅದು ಯಾವ ಕಡೆ ಓಡಬೇಕು ಎಂದು ತಿಳಿಯದೆ ಚಕ್ರಕ್ಕೇ ಬರುತ್ತದೆ, ಸುಮ್ಮನೆ ಹೋದರೆ ತಾನೇ ಏಳುತ್ತದೆ. ಹೆಬ್ಬೂರಿನ ಈಚೆ ಏನೂ ಇಲ್ಲದ ಕಡೆ ಎದೆ ಮುಟ್ಟಿಕೊಂಡಿರಲ್ಲ, ಅಲ್ಲಿ ಏನಿದೆ? ಅಲ್ಲಿ ಮರದ ಹಿಂದೆ ಒಂದು ಸಣ್ಣ ದರ್ಗಾ ಇದೆ, ಕ್ಯಾಮೆರಾಕ್ಕೆ ಕಾಣುವುದಿಲ್ಲ. “ಅದಕ್ಕೇನಂತ ಹೆಸರು ಹಾಕ್ಲಣ್ಣ?” ಎಂದು ಕೇಳಿದಳು. “ಏನೂ ಬೇಡ ಬುಡವ್ವ, ಅದು ನನ್ನ ಲೆಕ್ಕ,” ಎಂದೆ. ಇಬ್ಬರೂ ನಕ್ಕೆವು.

ಒಂದು ಸಲ ತುಂಬ ಅಳೆದೂ ಸುರಿದೂ ಮಾತು ತೆಗೆದಳು. “ಅಣ್ಣಾ, ಕೇಳ್ಬೇಕೋ ಬೇಡ್ವೋ ಗೊತ್ತಿಲ್ಲ. ಮುಖದ ಕ್ಯಾಮೆರಾ ನೀವು ಗಾಡಿ ಓಡಿಸ್ತಾ ಫೋನಲ್ಲಿ ಮಾತಾಡ್ತಿದೀರ ಅಂತ ಹೇಳ್ತಿದೆ. ನೋಡಿದ್ರೆ ಕೈಯಲ್ಲಿ ಫೋನಿಲ್ಲ. ತುಟಿ ಮಾತ್ರ ಆಡ್ತಿದೆ.”

ಡಬ್ಬಿಗೆ ಕಿವಿ ಇರಲಿಲ್ಲ, ಸದ್ಯ.

“ಹಾಡು ಹೇಳ್ಕೊಂತಿದ್ದೆ ಕಣವ್ವ.”

“ದಿನಾ ಅದೇ ಜಾಗದಲ್ಲಾ?”

“ಅಲ್ಲಿ ರೋಡ್ ಚೆನ್ನಾಗೈತೆ.”

“ಹಾಡು ಅಂತ್ಲೇ ಹಾಕ್ತೀನಿ ಬಿಡಿ ಅಣ್ಣ,” ಎಂದಳು. ಅವಳು ನಂಬಿರಲಿಲ್ಲ. ನಂಬಲಿಲ್ಲ ಎಂಬುದೇ ನನಗೆ ಸಮಾಧಾನವಾಗಿತ್ತು.

ತಪ್ಪು ತಿಳಿಯಬೇಡಿ. ಮಗಳಿದ್ದರೆ ಅವಳ ವಯಸ್ಸಾಗಿರುತ್ತಿತ್ತು. ಆದರೆ ಮಧ್ಯಾಹ್ನ ಆ ಫೋನು ಬರುತ್ತದೋ ಇಲ್ಲವೋ ಎಂಬುದೇ ನನ್ನ ದಿನದ ದೊಡ್ಡ ಪ್ರಶ್ನೆಯಾಗಿಬಿಟ್ಟಿತು. ಬಂದ ದಿನ ಬಂತು, ಇಲ್ಲದ ದಿನ ಆ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕ್ಯಾಮೆರಾ ಮುಖ ನೋಡುತ್ತದಲ್ಲ ಎಂದು ಗಡ್ಡವನ್ನು ಒಪ್ಪವಾಗಿ ಕತ್ತರಿಸಿಕೊಳ್ಳತೊಡಗಿದೆ. ಅಂಗಿಗೆ ಇಸ್ತ್ರಿ ಹಾಕಿಸಿದೆ. ಗೋಡೌನಿನ ಹಮಾಲಿಗಳು, “ಏನ್ ಸಾಬ್ರೇ, ಎರಡನೇ ಮದ್ವೇನಾ?” ಎಂದು ಕಿಚಾಯಿಸಿದರು.

ಯಂತ್ರ ಮಾತ್ರ ಜಾಣ. ಒಂದು ಸಲ ಹೇಳಿದ್ದನ್ನು ಮತ್ತೊಂದು ಸಲ ಕೇಳುತ್ತಿರಲಿಲ್ಲ. ಮಳೆಗಾಲ ಬರುವ ಹೊತ್ತಿಗೆ ಎಮ್ಮೆ, ನಾಯಿ, ಕುರಿಮಂದೆ ಎಲ್ಲ ಅದಕ್ಕೆ ಪಾಠವಾಗಿ, ಕೆಂಪು ದೀಪ ಹತ್ತುವುದು ಅಪರೂಪವಾಯಿತು. ಫೋನೂ ಅಪರೂಪವಾಯಿತು. ಟೀ ಅಂಗಡಿಯವನು ಅಷ್ಟು ಹೊತ್ತಿಗೆ ದಿನಕ್ಕೊಮ್ಮೆ ಹೇಳುತ್ತಿದ್ದ, “ಸಾಬ್ರೇ, ನಿಮ್ಮ ಗುಂಡಿ ನೀವೇ ತೋಡ್ಕೊಂತಿದೀರ. ಅದು ಪೂರ್ತಿ ಕಲ್ತ ದಿನ ನಿಮ್ಮನ್ನ ಇಳಿಸಿ ಕಳಿಸ್ತಾರೆ.” ನನಗೆ ಆ ಭಯವೇ ಇರಲಿಲ್ಲ. ಸೀಟು ಹೋಗುವ ಹೊತ್ತಿಗೆ ನಾನೇ ಹೋಗಿರುತ್ತೇನೆ. ಕಲಿತುಬಿಟ್ಟರೆ ಅವಳು ಯಾಕೆ ಫೋನ್ ಮಾಡುತ್ತಾಳೆ ಎಂಬುದೊಂದೇ ನನ್ನ ಭಯ.

ಹಾಗಾಗಿ ನಾನೇ ಯಂತ್ರಕ್ಕೆ ಅನುಮಾನ ಹುಟ್ಟಿಸಲು ಶುರುಮಾಡಿದೆ. ನೇರ ರಸ್ತೆ ಬಿಟ್ಟು ಊರೊಳಗಿನ ರಸ್ತೆ ಹಿಡಿದೆ. ಅಲ್ಲಿ ಹುಡುಗರು ರಸ್ತೆಯಲ್ಲೇ ವಿಕೆಟ್ ನೆಟ್ಟಿರುತ್ತಾರೆ, ಓವರ್ ಮುಗಿಯುವವರೆಗೆ ಕಾದೆ. ರಸ್ತೆಯಲ್ಲಿ ಬಿದ್ದ ಖಾಲಿ ಗೋಣಿಚೀಲಕ್ಕೆ ಪ್ರದಕ್ಷಿಣೆ ಹಾಕಿದ ಹಾಗೆ ಸುತ್ತುಹಾಕಿ ಹೋದೆ. ಒಂದು ಕೋಳಿಗಾಗಿ ಇಡೀ ಲಾರಿ ನಿಲ್ಲಿಸಿದೆ. ಹಿಂದಿದ್ದ ಪ್ರೈವೇಟ್ ಬಸ್ಸಿನ ಕಂಡಕ್ಟರ್ ಇಳಿದು ಬಂದು, “ಏನ್ ಸಾಬ್ರೇ, ಕೋಳಿ ಮೊಟ್ಟೆ ಇಡೋಗಂಟ ಕಾಯ್ತೀರಾ?” ಎಂದು ಮುಖಕ್ಕೇ ಕೇಳಿದ. ಬೈಸಿಕೊಂಡೆ. ದೀಪ ಹತ್ತಿತು, ಅಷ್ಟು ಸಾಕು. ಮಧ್ಯಾಹ್ನ ಕೆರೆ ಏರಿಯ ಹತ್ತಿರ ಫೋನು ಬಂತು.

“ಕೋಳಿಗೆ ಯಾಕಣ್ಣ ನಿಲ್ಸಿದ್ರಿ?”

“ಅದು ಕುಂಟ್ತಿತ್ತು ಕಣವ್ವ.”

“ಕುಂಟ್ತಿತ್ತಾ?” ಎಂದಳು. ದನಿಯಲ್ಲಿ ನಗು ಇತ್ತು. ನಾನು ಗಮನಿಸಲಿಲ್ಲ, ಅಥವಾ ಗಮನಿಸಿಯೂ ಬಿಟ್ಟೆ. ಕೋಳಿಯಿಂದ ಮಾತು ಮಳೆಗೆ ಹೋಯಿತು, ಮಳೆಯಿಂದ ಮಂಡಿನೋವಿಗೆ. ಎಣ್ಣೆಗೆ ಕರ್ಪೂರ ಹಾಕಿ ಬಿಸಿಮಾಡಿ ಹಚ್ಚಿ ಎಂದು ಹೇಳಿದಳು. ಹಚ್ಚಿದೆ. ನೋವು ಹಾಗೇ ಇತ್ತು, ಆದರೂ ಕಡಿಮೆಯಾಗಿದೆ ಎಂದು ಮುಂದಿನ ಸಲ ಹೇಳಿದೆ.

ಮತ್ತೆ ಹುರುಳಿ ಒಕ್ಕಣೆ ಬಂದು ಹೋಯಿತು. ದೀಪ ಈ ಸಲ ಮಿಣುಕೆನ್ನಲೂ ಇಲ್ಲ. ಅದಾದ ಸ್ವಲ್ಪ ದಿನಕ್ಕೆ, ನಾನು ಯಾವ ಚೇಷ್ಟೆಯನ್ನೂ ಮಾಡದೆ ನೆಟ್ಟಗೆ ಓಡಿಸಿಕೊಂಡು ಬಂದ ಮಧ್ಯಾಹ್ನವೇ ಅವಳ ಫೋನು ಬಂತು.

“ಅಣ್ಣಾ, ಇವತ್ತು ಡೌಟ್ ಯಾವ್ದೂ ಇಲ್ಲ. ಸುಮ್ನೆ ಮಾಡ್ದೆ.” ಆಮೇಲೆ ಅಂದಳು, “ನಾಳೆಯಿಂದ ನಾನಿರಲ್ಲ.”

“ಯಾಕವ್ವ? ನನ್ನಿಂದ ಏನಾರ ಆಯ್ತಾ?”

“ಇಲ್ಲ ಅಣ್ಣಾ. ಡೌಟ್ ಬಂದ್ರೆ ಇನ್ಮೇಲೆ ಅದೇ ಯೋಚ್ನೆ ಮಾಡಿ ಹೆಸರು ಹಾಕ್ಕೊಳುತ್ತಂತೆ. ನಾವು ಬೇಡ್ವಂತೆ. ನಮ್ಮ ರೂಮಲ್ಲಿರೋರ್ನೆಲ್ಲ ಮನೆಗೆ ಕಳಿಸ್ತಿದಾರೆ.”

ಇಡೀ ವರ್ಷ ಊರೆಲ್ಲ ನನ್ನ ಸೀಟಿಗೆ ಅಳುತ್ತಿತ್ತು. ನಾನು ಸ್ಟೇರಿಂಗ್ ಹಿಡಿದು ಗುಂಡುಕಲ್ಲಿನ ಹಾಗೆ ಕೂತಿದ್ದೆ. ಲಾರಿಯನ್ನು ಮುಟ್ಟಿಯೂ ನೋಡದ ಹುಡುಗಿಯ ಕೆಲಸ ಹೋಗಿತ್ತು. ಅವಳೇ ಮಾತು ಮುಂದುವರಿಸಿದಳು.

“ಒಂದು ವಿಷ್ಯ ಹೇಳ್ತೀನಿ, ಬಯ್ಬೇಡಿ. ನಮ್ಮೂರು ಅಮೃತೂರ್ ಪಕ್ಕಾನೇ. ಹುರುಳಿ ಹರವೋದು ನಂಗೊತ್ತಿಲ್ವಾ ಅಣ್ಣಾ? ಮದ್ವೆಗೆ ಮುಂಚೆ ನಾನೇ ಕವೆಗೋಲ್ ಹಿಡ್ದು ರೋಡಲ್ಲಿ ನಿಂತಿರ್ತಿದ್ದೆ.”

“ಮತ್ಯಾಕವ್ವ ಕೇಳ್ದೆ?”

“ನಾನಿರೋದು ಪುಣೆಲಿ. ಇಲ್ಲಿ ಕನ್ನಡ ಆಡೋರು ಒಬ್ರೂ ಇಲ್ಲ. ನಮ್ಮನೆಯವರು ಫ್ಯಾಕ್ಟ್ರಿಲಿ ಶಿಫ್ಟು, ಬಂದ್ರೆ ಮಲಗೋದೇ ಆಯ್ತು. ಅವತ್ತು ಸ್ಕ್ರೀನಲ್ಲಿ ನಮ್ಮ ಕಡೆ ಹುರುಳಿ ನೋಡಿ ತಡ್ಕೊಳೋಕಾಗ್ಲಿಲ್ಲ. ಯಾರಾದ್ರೂ ಬಾಯ್ ತುಂಬ ಹೇಳ್ಲಿ, ಕೇಳೋಣ ಅನ್ನಿಸ್ತು. ಎಮ್ಮೇನೂ ಗೊತ್ತಿತ್ತು, ನಾಯೀನೂ ಗೊತ್ತಿತ್ತು.” ಆಮೇಲೆ ಹೇಳಿದಳು, “ನೀವು ಅಮೃತೂರಿಗೆ ಹೋಗೋ ದಿನ ನಿಮ್ಮ ಗಾಡಿ ಬೇರೆ ಯಾರಿಗೂ ಬಿಡ್ತಿರ್ಲಿಲ್ಲ. ಒಂದ್ಸಲ ಡೌಟ್ ಬಂದ ತುಣುಕಲ್ಲಿ ನೋಡಿದ್ರೆ, ಬಸ್ ಸ್ಟ್ಯಾಂಡಲ್ಲಿ ನಮ್ಮವ್ವ ನಿಂತಿದ್ಲು. ಅಷ್ಟೇ ಅಷ್ಟು ಹೊತ್ತು. ಅದನ್ನೇ ಹಿಂದಕ್ಕೂ ಮುಂದಕ್ಕೂ ಹಾಕ್ಕೊಂಡು ನೋಡ್ದೆ. ಅವ್ವನ ಮೇಲೆ ‘ಪಾದಚಾರಿ’ ಅಂತ ಹೆಸರು ಹಾಕ್ದೆ. ಹಾಕ್ಲೇಬೇಕಲ್ಲ.”

ಅವಳು ಸಣ್ಣಗೆ ನಕ್ಕಳು.

“ಕೋಳಿ ವಿಷ್ಯಾನೂ ಗೊತ್ತು ಅಣ್ಣ. ಅದು ಕುಂಟ್ತಿರ್ಲಿಲ್ಲ. ಅದು ಹೋದ್ಮೇಲೂ ನೀವು ನಿಂತೇ ಇದ್ರಿ. ಫೋನ್ ತೆಗ್ದು ತೊಡೆ ಮೇಲೆ ಇಟ್ಕೊಂಡು ಕ್ಯಾಮೆರಾ ನೋಡ್ತಿದ್ರಿ.”

ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಅಳು ಬಂತು, ಸುಳ್ಳು ಯಾಕೆ ಹೇಳಲಿ. ಎರಡು ಕಡೆ ಇಬ್ಬರು ಕೂತು, ಗೊತ್ತಿದ್ದದ್ದನ್ನೇ ಕೇಳಿಕೊಂಡು, ಇಲ್ಲದ್ದನ್ನು ಹುಟ್ಟಿಸಿಕೊಂಡು ಮಾತಾಡಿದ್ದೆವು. ಆ ಯಂತ್ರ ನಡುವೆ ಕೂತು ಇದನ್ನೆಲ್ಲ ಲಾರಿ ಓಡಿಸುವ ವಿದ್ಯೆ ಎಂದು ಕಲಿತುಕೊಂಡಿತು.

ಹಿಂದಿನಿಂದ ಯಾರೋ ಅವಳನ್ನು ಹಿಂದಿಯಲ್ಲಿ ಕರೆದರು. “ಇಡ್ತೀನಣ್ಣ. ಯುಗಾದಿಗೆ ಊರಿಗೆ ಬರ್ತೀನಿ. ಅಮೃತೂರಲ್ಲಿ ಕಂಡ್ರೆ ಮಾತಾಡಿಸ್ತೀನಿ. ನೀವು ನನ್ನ ನೋಡಿಲ್ಲ, ನಂಗೆ ನಿಮ್ಮ ಮುಖ ಗೊತ್ತು,” ಎಂದು ಇಟ್ಟಳು.

ಅವಳ ಸ್ವಂತ ನಂಬರು ನಾನು ಕೇಳಲಿಲ್ಲ. ಯಾರದೋ ಮನೆಯ ಹೆಣ್ಣುಮಗಳ ನಂಬರು ಕೇಳುವುದು ಹೇಗೆ? ಹೆಸರು ಕೇಳಬಹುದಿತ್ತು, ಅದೂ ಹೊಳೆಯಲಿಲ್ಲ. ಆಫೀಸಿನ ನಂಬರಿಗೆ ಒಂದೆರಡು ಸಲ ತಿರುಗಿ ಮಾಡಿ ನೋಡಿದೆ. ಈ ಸಂಖ್ಯೆಗೆ ಒಳಬರುವ ಕರೆಗಳ ಸೌಲಭ್ಯ ಇಲ್ಲ ಎಂದು ಒಂದು ದನಿ ಬಹಳ ಶುದ್ಧವಾದ ಕನ್ನಡದಲ್ಲಿ ಹೇಳಿತು.

ಡಬ್ಬಿ ಇನ್ನೂ ಗಾಜಿನ ಮೇಲಿದೆ. ಯಾವಾಗಲಾದರೊಮ್ಮೆ ಕೆಂಪು ದೀಪ ಹತ್ತುತ್ತದೆ, ಒಂದಷ್ಟು ಹೊತ್ತು ತನ್ನ ಪಾಡಿಗೆ ಯೋಚಿಸುತ್ತದೆ, ತಾನೇ ಆರುತ್ತದೆ. ಊಟ ಈಗ ಬಿಸಿ ಇರುವಾಗಲೇ ಮುಗಿಯುತ್ತದೆ.

ಯುಗಾದಿಯ ಹಿಂದುಮುಂದಿನ ದಿನಗಳಲ್ಲಿ ಅಮೃತೂರಿನ ಲೋಡು ವಾರಕ್ಕೊಂದೇ ಬಾರಿ ಇದ್ದದ್ದನ್ನು, ಓನರ್ ಹತ್ತಿರ ಏನೇನೋ ನೆಪ ಹೇಳಿ ಹೆಚ್ಚು ಮಾಡಿಸಿಕೊಂಡೆ. ಹಬ್ಬದ ಹಿಂದಿನ ದಿನ ಹೂ, ಬೇವಿನ ಸೊಪ್ಪು, ಹೊಸ ಬಟ್ಟೆಯ ಚೀಲಗಳ ನಡುವೆ ಬಸ್ ಸ್ಟ್ಯಾಂಡು ಕಿಕ್ಕಿರಿದಿತ್ತು. ಅಂಗಡಿಯ ಮುಂದೆ ಲಾರಿಯ ಮೂತಿಯನ್ನು ಬಸ್ ಸ್ಟ್ಯಾಂಡಿನ ಕಡೆಗೇ ತಿರುಗಿಸಿ ನಿಲ್ಲಿಸಿದೆ. ಯಾವಾಗಲೂ ಇಳಿಸುವಾಗ ಹಿಂದುಗಡೆ ನೆರಳಲ್ಲಿರುತ್ತಿದ್ದವನು, ಅವತ್ತು ಬಂಪರಿನ ಮುಂದೆ ಬಿಸಿಲಲ್ಲಿ ನಿಂತೆ. ಧೂಳಿಗೆಂದು ಮುಖಕ್ಕೆ ಸುತ್ತಿದ್ದ ಟವಲು ಬಿಚ್ಚಿ ಹೆಗಲಿಗೆ ಹಾಕಿಕೊಂಡೆ. ಕುಣಿಗಲ್ ಕಡೆಯ ಬಸ್ಸು ಬಂತು. ಕಂಕುಳಲ್ಲಿ ಮಗು ಎತ್ತಿಕೊಂಡ ಒಬ್ಬಳು ಇಳಿದಳು, ಕಾಲೇಜು ಬ್ಯಾಗಿನವಳು ಇಳಿದಳು, ತಾಯಿಯ ಕೈ ಹಿಡಿದು ಒಬ್ಬಳು ರಸ್ತೆ ದಾಟಿದಳು. ಒಬ್ಬೊಬ್ಬರ ಮುಖವನ್ನೂ ನೋಡಿದೆ. ಯಾರನ್ನು ನೋಡಿದರೂ ಇವಳೇ ಇರಬಹುದು ಅನ್ನಿಸಿತು. ಯಾರೂ ಅಣ್ಣಾ ಎನ್ನಲಿಲ್ಲ.

ಮೂಟೆಗಳು ಇಳಿದು ಎಷ್ಟೋ ಹೊತ್ತಾಗಿತ್ತು. ಹಿಂದಿನ ಬಾಗಿಲ ಕೊಂಡಿ ಹಾಕಿ ಬಂದ ಹಮಾಲಿ ನನ್ನ ಪಕ್ಕ ನಿಂತು ಬೀಡಿ ಹಚ್ಚಿದ.

“ಹೊರಡಕಿಲ್ವಾ ಸಾಬ್ರೇ? ಯಾರ್ನ ಕಾಯ್ತಿದೀರ?”

“ಗೊತ್ತಿಲ್ಲ ಕಣಪ್ಪ,” ಎಂದೆ. “ಅವಳಿಗೆ ನಾನು ಗೊತ್ತು.”